ಹೊಳೆಯೇ ಹಾದಿಯಾಗಿದ್ದ ಕಾಲ

ಪುತ್ತೂರು, ಸುಳ್ಯ, ಕಡಬ ಸೀಮೆಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ನೆಲದಿಂದ ತೊಡಗುತ್ತಾರೆ. ಅರಸುಮನೆತನಗಳು, ಬಲ್ಲಾಳರ ಬೀಡುಗಳು, ದೇವಾಲಯದ ಶಾಸನಗಳು, ಮಾಗಣೆಯ ಗಡಿಗಳು, ಕಂದಾಯದ ಲೆಕ್ಕಗಳು ಇವೆಲ್ಲ ನೆಲಕ್ಕೆ ಅಂಟಿಕೊಂಡ ಸಂಗತಿಗಳು. ಆದರೆ ಘಟ್ಟದ ಬುಡದ ಈ ನಾಡಿನಲ್ಲಿ ಜನರನ್ನೂ ಸರಕನ್ನೂ ಸುದ್ದಿಯನ್ನೂ ಬಹುಕಾಲ ಹೊತ್ತು ಸಾಗಿಸಿದ್ದು ನೀರು. ಗಾಡಿ ಹೋಗುವ ರಸ್ತೆಗಳು ಬರುವುದಕ್ಕೆ ಮೊದಲು ಇಲ್ಲಿ ಹೊಳೆಯೇ ಹೆದ್ದಾರಿ. ಅದರ ಕಲ್ಲು, ಸುಳಿ, ಆಳಗಳನ್ನು ಬಲ್ಲ ಅಂಬಿಗನೇ ಮಾರ್ಗದರ್ಶಕ. ಹಾದಿಯನ್ನು ಇತಿಹಾಸ ಅಷ್ಟಿಷ್ಟು ನೆನೆದಿದೆ. ಹಾದಿ ತೋರಿದವನನ್ನು ಮರೆತಿದೆ. ಈ ಮರೆವಿನ ಬಗೆಗೆ ಇಂದು ನಾಲ್ಕು ಮಾತುಗಳನ್ನು ತಮ್ಮ ಮುಂದಿಡಬೇಕೆಂದಿದ್ದೇನೆ.

ಮೊದಲು ಹೊಳೆಗಳ ನಕ್ಷೆಯನ್ನು ಮನಸ್ಸಿನಲ್ಲಿ ಬಿಡಿಸಿಕೊಳ್ಳೋಣ. ಕುದುರೆಮುಖದ ಕಡೆಯ ಬೆಟ್ಟಗಳಲ್ಲಿ ಹುಟ್ಟಿದ ನೇತ್ರಾವತಿಯು ಧರ್ಮಸ್ಥಳವನ್ನು ಹಾದು ಉಪ್ಪಿನಂಗಡಿಗೆ ಬರುತ್ತದೆ. ೧,೭೧೨ ಮೀಟರ್ ಎತ್ತರದ ಪುಷ್ಪಗಿರಿಯ ಮಗ್ಗುಲಲ್ಲಿ ಹುಟ್ಟಿದ ಕುಮಾರಧಾರಾ, ಸುಬ್ರಹ್ಮಣ್ಯದಲ್ಲಿ ಯಾತ್ರಿಕರ ಸ್ನಾನಕ್ಕೆ ಒದಗಿ, ಕಡಬದ ಸೀಮೆಯನ್ನು ಸುತ್ತಿ, ಗುಂಡ್ಯ ಹೊಳೆಯನ್ನೂ ಕೂಡಿಸಿಕೊಂಡು ಅದೇ ಉಪ್ಪಿನಂಗಡಿಗೆ ಇಳಿಯುತ್ತದೆ. ಸಹಸ್ರಲಿಂಗೇಶ್ವರನ ಗುಡಿಯ ಬಳಿ ಎರಡೂ ಸಂಗಮಿಸಿ, ಪಾಣೆಮಂಗಳೂರು, ಬಂಟ್ವಾಳಗಳ ಮೇಲಿಂದ ಮಂಗಳೂರಿನ ಅಳಿವೆಯನ್ನು ಸೇರುತ್ತವೆ. ಸುಳ್ಯದ ಪಯಸ್ವಿನಿ ಮಾತ್ರ ಈ ಬಳಗಕ್ಕೆ ಸೇರಿದ್ದಲ್ಲ. ಕೊಡಗಿನ ಬೆಟ್ಟಗಳಿಂದ ಇಳಿದು, ಸುಳ್ಯದ ಪೇಟೆಯನ್ನು ತಾಗಿ, ನೈಋತ್ಯಕ್ಕೆ ಹೊರಳಿ, ಚಂದ್ರಗಿರಿ ಎಂಬ ಹೆಸರಿನಿಂದ ಕಾಸರಗೋಡಿನಲ್ಲಿ ಕಡಲನ್ನು ಕಾಣುತ್ತದೆ. ೧೯೫೬ರ ನವೆಂಬರಿನಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗ ಈ ಹೊಳೆಯ ತಲೆ ಒಂದು ರಾಜ್ಯದಲ್ಲಿ, ಬಾಲ ಇನ್ನೊಂದು ರಾಜ್ಯದಲ್ಲಿ ಉಳಿಯಿತು. ನೀರಿಗೆ ಆ ಗಡಿಯ ಅರಿವಿಲ್ಲ. ಅದರ ಮೇಲೆ ಬದುಕಿದ ಜನಕ್ಕೂ ಬಹುಕಾಲ ಇರಲಿಲ್ಲ.

ಈ ಜಲಮಾರ್ಗಗಳ ಪ್ರಾಚೀನತೆಯನ್ನು ಹುಡುಕಿ ಹೊರಟರೆ ನಮಗೆ ದೊರೆಯುವುದು ಅಳಿವೆಯ ಬಾಯಿಯ ಸುದ್ದಿ ಮಾತ್ರ. ಕ್ರಿಸ್ತಶಕದ ಮೊದಲ ಶತಮಾನದಲ್ಲಿ ರೋಮಿನ ಪ್ಲಿನಿ ಕಡಲ್ಗಳ್ಳರ ಹಾವಳಿಯ 'ನಿಟ್ರಿಯಾಸ್' ಎಂಬ ಸ್ಥಳವನ್ನು ಹೆಸರಿಸುತ್ತಾನೆ. ಅದರಲ್ಲಿ ನೇತ್ರಾವತಿಯ ಹೆಸರಿನ ಪ್ರತಿಧ್ವನಿಯನ್ನು ಕೆಲವು ವಿದ್ವಾಂಸರು ಕೇಳಿದ್ದಾರೆ. ೧೪ನೆಯ ಶತಮಾನದ ಇಬ್ನ್ ಬತೂತನಿಗೆ ಮಂಗಳೂರು ಒಂದು ಮಹಾ ಅಳಿವೆಯ ದಡದ ಪಟ್ಟಣವಾಗಿ ಕಂಡಿತು. ಅವನಿಗಿಂತ ಎರಡು ಶತಮಾನಗಳ ಹಿಂದೆ, ೧೧೩೨ರ ಹೊತ್ತಿಗಾಗಲೇ ಟ್ಯುನೀಸಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕ ಮಂಗಳೂರಿನಲ್ಲಿ ನೆಲೆಸಿ ಏಡನ್ನಿನ ಗೆಳೆಯರಿಗೆ ಕಾಳುಮೆಣಸು, ಅಡಕೆಗಳನ್ನು ಕಳುಹಿಸುತ್ತಿದ್ದುದು ಕೈರೋದ ಹಳೆಯ ಪ್ರಾರ್ಥನಾ ಮಂದಿರದಲ್ಲಿ ದೊರೆತ ಕಾಗದಗಳಿಂದ ತಿಳಿದುಬಂದಿದೆ. ಆ ಮೆಣಸು, ಆ ಅಡಕೆ ಮಂಗಳೂರಿನ ಮರಳಿನಲ್ಲಿ ಬೆಳೆದವಲ್ಲ. ಘಟ್ಟದ ತಪ್ಪಲಿನ ತೋಟಗಳಿಂದ ಅವು ಇಳಿದು ಬರಬೇಕು. ಹಡಗು ಹೊರಟ ಸುದ್ದಿ ಕೈರೋದಲ್ಲಿ ಉಳಿಯಿತು. ಹಡಗಿನವರೆಗೆ ಸರಕನ್ನು ತಂದವನ ಸುದ್ದಿಯನ್ನು ಬರೆದಿಡಲು ಯಾರೂ ಇರಲಿಲ್ಲ.

ಬರೆದಿಡುವವನೊಬ್ಬ ೧೮೦೧ರಲ್ಲಿ ಬಂದ. ಟಿಪ್ಪುವಿನ ಪತನದ ಬಳಿಕ ಕಂಪೆನಿ ಸರ್ಕಾರದ ಆಣತಿಯಂತೆ ಮೈಸೂರು, ಮಲಬಾರು, ಕೆನರಾಗಳನ್ನು ಸುತ್ತಿದ ವೈದ್ಯ ಫ್ರಾನ್ಸಿಸ್ ಬುಕಾನನ್ ಚಂದ್ರಗಿರಿಯ ಬಳಿ ತುಳುನಾಡನ್ನು ಹೊಕ್ಕು ಮಂಗಳೂರಿಗೆ ಬಂದ. ಅಲ್ಲಿಂದ ಬಂಟ್ವಾಳದವರೆಗೆ ನಡೆದ. ಭತ್ತದ ಗದ್ದೆಯ ಬಗೆಗಳಿಂದ ಹಿಡಿದು ಕೂಲಿಯ ದರದವರೆಗೆ ಅವನ ಕಣ್ಣಿಗೆ ಬೀಳದ ಸಂಗತಿಯಿಲ್ಲ. ಆದರೆ ಬಂಟ್ವಾಳದಿಂದ ಅವನು ಉತ್ತರಕ್ಕೆ, ವೇಣೂರು ಮೂಡಬಿದಿರೆಗಳ ಕಡೆಗೆ ತಿರುಗಿಬಿಟ್ಟ. ಉಪ್ಪಿನಂಗಡಿಯ ಸಂಗಮವಾಗಲಿ, ಕಡಬದ ಕಾಡಾಗಲಿ, ಸುಳ್ಯದ ಹೊಳೆಯಾಗಲಿ ಅವನ ದಿನಚರಿಗೆ ಸಿಗಲಿಲ್ಲ. ೧೮೦೭ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಮೂರು ಸಂಪುಟಗಳು ನಮ್ಮ ಜಿಲ್ಲೆಯ ಇತಿಹಾಸಕಾರರಿಗೆ ಇಂದಿಗೂ ಅಕ್ಷಯಪಾತ್ರೆ. ಆ ಪಾತ್ರೆಯಲ್ಲಿ ನಮ್ಮ ಈ ಮೂರು ತಾಲೂಕುಗಳ ಪಾಲಿಗೆ ಅಗುಳಿಲ್ಲ. ಬರಹದ ಇತಿಹಾಸ ಬಂಟ್ವಾಳದ ಕಡವಿನಲ್ಲಿ ಹಿಂದಿರುಗಿತು. ಅಲ್ಲಿಂದ ಮೇಲಕ್ಕೆ ಉಳಿದದ್ದು ಅಂಬಿಗನ ನೆನಪು.

ಇದೇ ೧೮೦೧ರಲ್ಲಿ ಲಂಡನ್ನಿನಲ್ಲಿ ಬೇರೊಂದು ಪ್ರವಾಸಗ್ರಂಥ ಹೊರಬಂತು. ಕೆನಡಾದ ತುಪ್ಪಳದ ವ್ಯಾಪಾರಿ ಅಲೆಗ್ಸಾಂಡರ್ ಮೆಕೆಂಜಿ, ೧೭೮೯ರ ಬೇಸಗೆಯಲ್ಲಿ ಭೂರ್ಜ ಮರದ ತೊಗಟೆಯ ದೋಣಿಗಳಲ್ಲಿ ಕುಳಿತು ಉತ್ತರದ ನಿರ್ಜನಾರಣ್ಯಗಳ ನಡುವಣ ಮಹಾನದಿಯೊಂದನ್ನು ಹಿಡಿದು ಹಿಮಸಮುದ್ರವನ್ನು ಮುಟ್ಟಿದ ಕಥೆ ಅದು. ಅವನು ಹುಡುಕಿ ಹೊರಟದ್ದು ಪೆಸಿಫಿಕ್ ಸಾಗರವನ್ನು. ನದಿ ಕೊಂಡೊಯ್ದದ್ದು ಬೇರೆಡೆಗೆ. ಅವನೊಡನಿದ್ದ ಚಿಪೆವ್ಯಾನ್ ಬುಡಕಟ್ಟಿನ ಮುಖಂಡನನ್ನು ವ್ಯಾಪಾರಿಗಳು 'ಇಂಗ್ಲಿಷ್ ಚೀಫ್' ಎನ್ನುತ್ತಿದ್ದರು. ಅವನ ಸ್ವಂತ ಹೆಸರು ನೆಸ್ಟಬೆಕ್. ದಾರಿಯುದ್ದಕ್ಕೂ ಸಿಕ್ಕ ಸ್ಥಳೀಯರನ್ನು ಮನವೊಲಿಸಿ, ಕೆಲವೊಮ್ಮೆ ಬಲವಂತದಿಂದ, ದಾರಿ ತೋರಲು ಕರೆದೊಯ್ದ ಸಂಗತಿಯನ್ನೂ ಗ್ರಂಥಕರ್ತನೇ ಬರೆದಿದ್ದಾನೆ. ಆ ಜನ ತಮ್ಮ ಭಾಷೆಯಲ್ಲಿ ಆ ನದಿಯನ್ನು 'ದೆಹ್‌ಚೋ' ಎನ್ನುತ್ತಾರೆ. ಮಹಾನದಿ ಎಂದೇ ಅದರ ಅರ್ಥ. ಭೂಪಟಗಳಲ್ಲಿ ಅದಕ್ಕೆ ಮೆಕೆಂಜಿಯ ಹೆಸರಿದೆ. ಹಾದಿ ಬಲ್ಲವನು ಮುಂದೆ ಕುಳಿತರೂ ಹೆಸರು ಹಿಂದೆ ಕುಳಿತವನದು. ಇದು ಉತ್ತರ ದಕ್ಷಿಣಗಳ ಭೇದವಿಲ್ಲದ ಲೋಕನಿಯಮವೆಂದು ತೋರುತ್ತದೆ. ಆದರೂ ಅಲ್ಲಿ ನೆಸ್ಟಬೆಕ್ ಎಂಬ ಒಂದು ಹೆಸರು ಪುಸ್ತಕದ ಅಂಚಿನಲ್ಲಾದರೂ ಉಳಿಯಿತು. ನಮ್ಮ ಕುಮಾರಧಾರೆಯ ಮೇಲೆ ಅಷ್ಟೂ ಉಳಿಯಲಿಲ್ಲ.

ಹಾಗಾದರೆ ಉಳಿದಿರುವುದೇನು? ಮೊದಲನೆಯದಾಗಿ ಊರುಗಳ ಹೆಸರು. ತುಳುವಿನಲ್ಲಿ ಉಬಾರ್ ಎಂದು ಕರೆಯುವ ಊರಿಗೆ ಕನ್ನಡದಲ್ಲಿ ಉಪ್ಪಿನಂಗಡಿ ಎಂಬ ಹೆಸರು. 'ಅಂಗಡಿ' ಎಂದರೆ ಹಿಂದೆ ಒಂದು ಮಳಿಗೆಯಲ್ಲ, ವ್ಯಾಪಾರದ ತಂಗುದಾಣ. ಕಡಲಿನ ಉಪ್ಪು ದೋಣಿಯೇರಿ ಸಂಗಮದವರೆಗೆ ಬಂದು, ಅಲ್ಲಿಂದ ಎತ್ತಿನ ಬೆನ್ನನ್ನೋ ಮನುಷ್ಯನ ತಲೆಯನ್ನೋ ಏರಿ ಘಟ್ಟದ ಕಡೆಗೆ ಸಾಗುವ ಚಿತ್ರವೊಂದು ಆ ಹೆಸರಿನೊಳಗೇ ಇದೆ. ಮೇಲಕ್ಕೆ ಉಪ್ಪು, ಒಣಮೀನು, ತೆಂಗಿನಕಾಯಿ. ಕೆಳಕ್ಕೆ ಅಕ್ಕಿ, ಅಡಕೆ, ಮೆಣಸು, ಏಲಕ್ಕಿ. ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ, ನೇತ್ರಾವತಿಯ ದಂಡೆಯಲ್ಲಿ ಒಂದರ ಹಿಂದೊಂದಾಗಿ ಎದ್ದ ಕಾರ್ಖಾನೆಗಳಿಗೆ ಜೇಡಿಮಣ್ಣೂ ಸೌದೆಯೂ ದೋಣಿಯಲ್ಲಿ ಇಳಿದು ಬಂದವು. ಹುಲ್ಲಿನ ಸೂರಿನ ಜಾಗದಲ್ಲಿ ಹೆಂಚು ಬಂದದ್ದು ನಮ್ಮ ಮನೆಗಳ ಚರಿತ್ರೆಯಲ್ಲಿ ಒಂದು ಯುಗಪಲ್ಲಟ; ಅದರ ಹಿಂದೆಯೂ ಹೊಳೆಯ ದುಡಿಮೆ ಇತ್ತು.

ಮರದ ಕಥೆ ಇನ್ನೂ ದೊಡ್ಡದು. ಹಾಯಿಹಡಗಿನ ಕಾಲದಲ್ಲಿ ಘಟ್ಟದ ಕಾಡಿನ ಒಂದು ನೆಟ್ಟನೆಯ ಮರಕ್ಕೆ ಇಂಗ್ಲಿಷರಿಂದ ಬಹಳ ಬೇಡಿಕೆಯಿತ್ತು. ನಮ್ಮ ಹೊನ್ನೆಯ ಬಳಗಕ್ಕೆ ಸೇರಿದ ಆ ಮರವನ್ನು ಅವರು 'ಪೂನ್' ಎಂದರು. ಅದು ಹಡಗಿನ ಪಟಸ್ತಂಭಕ್ಕೆ ಒದಗುವ ಮರ. ಅಷ್ಟುದ್ದದ ಮರವನ್ನು ಕಾಡಿನ ಕಾಲುದಾರಿಯಲ್ಲಿ ತರುವುದೆಂತು? ದಿಮ್ಮಿಗಳನ್ನು ಬೆತ್ತದ ಬಳ್ಳಿಯಿಂದ ಬಿಗಿದು ತೆಪ್ಪವಾಗಿಸಿ, ಅದರ ಮೇಲೆ ನಿಂತು, ಉದ್ದನೆಯ ಬಿದಿರ ಜಲ್ಲೆಯಿಂದ ಬಂಡೆಗಳನ್ನು ತಪ್ಪಿಸುತ್ತ ಇಳಿಯುವ ಕೆಲಸಕ್ಕೆ ಎಂತಹ ಎದೆಗಾರಿಕೆ ಬೇಕೆಂಬುದನ್ನು ಮಳೆಗಾಲದ ಕುಮಾರಧಾರೆಯನ್ನು ಸೇತುವೆಯ ಮೇಲೆ ನಿಂತು ನೋಡಿದವರು ಊಹಿಸಬಲ್ಲರು. ನೀರು ತೀರ ಇಳಿದರೆ ತೆಪ್ಪ ಕಲ್ಲಿಗೆ ಕೂರುತ್ತದೆ. ತೀರ ಏರಿದರೆ ಹಿಡಿತಕ್ಕೆ ಸಿಗುವುದಿಲ್ಲ. ಇವೆರಡರ ನಡುವಣ ಕೆಲವೇ ವಾರಗಳನ್ನು ಆರಿಸುವ ವಿವೇಕ ಯಾವ ಸರ್ಕಾರಿ ಕೈಪಿಡಿಯಲ್ಲಿಯೂ ಇರಲಿಲ್ಲ.

ಹೊಳೆಗೂ ರಾಜಕೀಯಕ್ಕೂ ಸಂಬಂಧವಿಲ್ಲವೆಂದು ತಿಳಿಯಬಾರದು. ೧೮೩೪ರಲ್ಲಿ ಕೊಡಗು ಕಂಪೆನಿಯ ವಶವಾದ ಬಳಿಕ, ಅದುವರೆಗೆ ಕೊಡಗಿನ ಅರಸರ ಕೈಯಲ್ಲಿದ್ದ ಅಮರ ಸುಳ್ಯ, ಪುತ್ತೂರು ಮಾಗಣೆಗಳು ಕೆನರಾ ಜಿಲ್ಲೆಗೆ ಸೇರಿದವು. ಹಿಂದೆ ಧಾನ್ಯರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೊಡಬೇಕೆಂಬ ಆಜ್ಞೆ ಬಂತು. ನಗದು ಬೇಕಾದರೆ ಅಕ್ಕಿಯನ್ನು ಮಾರಬೇಕು. ಮಾರಬೇಕಾದರೆ ಹೊಳೆಯ ಕೆಳಗಿನ ಪೇಟೆಗೆ ಇಳಿಸಬೇಕು. ಅಲ್ಲಿ ವರ್ತಕ ಹೇಳಿದ್ದೇ ಬೆಲೆ. ಮೇಲಕ್ಕೆ ಬರುವ ಉಪ್ಪಿನ ಮೇಲೆ ಕಂಪೆನಿಯ ಏಕಸ್ವಾಮ್ಯದ ಭಾರ. ಇಳಿಯುವ ದೋಣಿಯಲ್ಲಿಯೂ ನಷ್ಟ, ಏರುವ ದೋಣಿಯಲ್ಲಿಯೂ ನಷ್ಟ. ೧೮೩೭ರ ಮಾರ್ಚ್ ಕೊನೆಯಲ್ಲಿ ಸುಳ್ಯದಲ್ಲಿ ಭುಗಿಲೆದ್ದು, ಬೆಳ್ಳಾರೆಯ ಖಜಾನೆಯನ್ನು ಹಿಡಿದು, ಪುತ್ತೂರು, ಪಾಣೆಮಂಗಳೂರು, ಬಂಟ್ವಾಳಗಳ ಮೂಲಕ ಮಂಗಳೂರನ್ನು ಹೊಕ್ಕು, ಸುಮಾರು ಎರಡು ವಾರ ಅದನ್ನು ಕೈಯಲ್ಲಿಟ್ಟುಕೊಂಡ ಬಂಡಾಯದ ಹಿನ್ನೆಲೆಯಲ್ಲಿ ಈ ಲೆಕ್ಕವೂ ಇದೆಯೆಂದು ನನ್ನ ಭಾವನೆ. ಬಂಡಾಯಗಾರರು ಜನರಿಗೆ ಮಾತು ಕೊಟ್ಟಾಗ ಕಂದಾಯದ ಜೊತೆಯಲ್ಲಿ ಉಪ್ಪು ಹೊಗೆಸೊಪ್ಪುಗಳ ವಿಷಯವನ್ನೂ ಸೇರಿಸಿದ್ದು ಅರ್ಥಪೂರ್ಣ. ಕೆದಂಬಾಡಿ ರಾಮಯ್ಯ ಗೌಡ, ಕಲ್ಯಾಣಸ್ವಾಮಿಯೆಂದು ಹೆಸರಾದ ಪುಟ್ಟಬಸಪ್ಪ ಮೊದಲಾದವರ ಹೆಸರುಗಳನ್ನು ನಾವಿಂದು ಗೌರವದಿಂದ ನೆನೆಯುತ್ತೇವೆ. ಬೇಸಗೆಯ ಇಳಿದ ಹೊಳೆಗಳನ್ನು ಆ ದಂಡು ಎಲ್ಲೆಲ್ಲಿ ಹಾಯ್ದಿರಬೇಕೋ ಅಲ್ಲೆಲ್ಲ ಕಡವು ಬಲ್ಲವನೊಬ್ಬನು ಮುಂದೆ ನಡೆದಿರಲೇಬೇಕು.

ಆ ಬಲ್ಲವಿಕೆ ಎಂತಹದು ಎಂಬುದರ ಅಣುಮಾತ್ರವನ್ನು ನಾನು ಕಂಡಿದ್ದೇನೆ. ನನ್ನ ಅಜ್ಜಿಯ ಮನೆ ಕುಮಾರಧಾರೆಯ ಆಚೆ ದಡದಲ್ಲಿತ್ತು. ಅರುವತ್ತರ ದಶಕದ ಕೊನೆಯ ವರ್ಷಗಳು. ಈಚೆ ದಡದಲ್ಲಿ ನಿಂತು ಕೂ ಹಾಕಿದರೆ ಆಚೆಯಿಂದ ಮರುಕೂಗು ಬರುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ, ಒಂದೇ ಮರವನ್ನು ಕೊರೆದು ಮಾಡಿದ ಪಾತಿ ನೀರಿನ ಮೇಲೆ ಕಾಣಿಸುತ್ತಿತ್ತು. ಕಡವಿನ ಮುದುಕನಿಗೆ ದಿನದ ಕೂಲಿಯಿಲ್ಲ. ಏಣೆಲು ಕೊಯ್ಲಾದ ಮೇಲೆ ಮನೆಮನೆಯಿಂದ ಭತ್ತ. ಮಳೆಗಾಲದಲ್ಲಿ ಅವನು ಎದುರು ದಡಕ್ಕೆ ನೇರವಾಗಿ ಎಂದೂ ಹೊರಡುತ್ತಿರಲಿಲ್ಲ. ದಂಡೆಯ ಮರಗಳನ್ನು ಹಿಡಿಹಿಡಿದು ಬಹುದೂರ ಮೇಲಕ್ಕೆ ಹೋಗಿ, ಅಲ್ಲಿಂದ ದೋಣಿಯನ್ನು ನೀರಿಗೆ ಒಪ್ಪಿಸಿ, ಹೊಳೆಯೇ ತನ್ನನ್ನು ಗುರಿಗೆ ತರುವಂತೆ ಮಾಡುತ್ತಿದ್ದ. ಒಮ್ಮೆ ಆಕಾಶ ತಿಳಿಯಾಗಿದ್ದ ಒಂದು ಮಧ್ಯಾಹ್ನ, ಅವನು ಬಗ್ಗಿ ನೀರನ್ನು ಬೊಗಸೆಯಲ್ಲಿ ತೆಗೆದು ಮೂಸಿ, "ಈಗ ಬೇಡ ಅಮ್ಮ, ಮಗುವನ್ನು ಕರೆದುಕೊಂಡು ಮನೆಗೆ ಹೋಗಿ. ಘಟ್ಟದಲ್ಲಿ ಮಳೆಯಾಗಿದೆ" ಎಂದು ನನ್ನ ತಾಯಿಗೆ ಹೇಳಿದ. ಸಂಜೆಯೊಳಗೆ ಹೊಳೆ ದಂಡೆಯ ಗದ್ದೆಗೆ ಏರಿತ್ತು. ಕೊಳೆತ ತರಗೆಲೆಯ ವಾಸನೆ, ನೀರಿನ ಕೆಂಪು, ತೇಲಿಬರುವ ಕಡ್ಡಿಯ ಜಾತಿ: ಅವನಿಗೆ ಇವೇ ಅಕ್ಷರಗಳು.

ಸಾಹಿತ್ಯ ಓದುವ ನಮಗೆ ಅಂಬಿಗ ಅಪರಿಚಿತನಲ್ಲ. ರಾಮನನ್ನು ಗಂಗೆಯ ಆಚೆಗೆ ದಾಟಿಸಿದ ಗುಹನಿದ್ದಾನೆ. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಕಸುಬನ್ನೇ ಅಂಕಿತವಾಗಿಸಿಕೊಂಡ ಅಂಬಿಗರ ಚೌಡಯ್ಯನಿದ್ದಾನೆ. ಭವಸಾಗರ, ನಾವೆ, ದಡ ಎಂಬ ರೂಪಕಗಳಿಗಂತೂ ನಮ್ಮಲ್ಲಿ ಬರಗಾಲವಿಲ್ಲ. ತೊಂದರೆಯೆಂದರೆ, ಅಂಬಿಗ ರೂಪಕವಾದಷ್ಟೂ ಮನುಷ್ಯನಾಗಿ ಮರೆಯಾದ. ಈ ದೃಷ್ಟಿಯಿಂದ ಪುತ್ತೂರಿನಲ್ಲಿ ಬಹುಕಾಲ ನೆಲೆಸಿದ್ದ ಶಿವರಾಮ ಕಾರಂತರ 'ಬೆಟ್ಟದ ಜೀವ'ವನ್ನು ಮತ್ತೆ ಓದಬೇಕು. ೧೯೪೩ರಲ್ಲಿ ಪ್ರಕಟವಾದ ಆ ಕಾದಂಬರಿಯ ನಿರೂಪಕನು ಸುಬ್ರಹ್ಮಣ್ಯದ ಆಸುಪಾಸಿನ ಕಾಡಿನಲ್ಲಿ ದಾರಿ ತಪ್ಪುತ್ತಾನೆ. ಅವನನ್ನು ಗೋಪಾಲಯ್ಯನ ಮನೆಗೆ ಮುಟ್ಟಿಸುವವರು ಆ ಕಾಡಿನ ಇಬ್ಬರು ಸಾಮಾನ್ಯರು. ಕಾರಂತರು ಅವರಿಗೆ ಹೆಸರು ಕೊಟ್ಟಿದ್ದಾರೆ, ಮಾತು ಕೊಟ್ಟಿದ್ದಾರೆ, ನಗು ಕೊಟ್ಟಿದ್ದಾರೆ. ದಾರಿ ತೋರುವವನನ್ನು ಮನುಷ್ಯನನ್ನಾಗಿ ಕಾಣುವ ಕೆಲಸವನ್ನು ನಮ್ಮ ಚರಿತ್ರಕಾರರಿಗಿಂತ ಮೊದಲು ಕಾದಂಬರಿಕಾರ ಮಾಡಿದ.

ಸೇತುವೆಗಳು ಬಂದವು, ಬಸ್ಸುಗಳು ಬಂದವು. ೧೯೭೯ರಲ್ಲಿ ಹಾಸನ ಮಂಗಳೂರು ರೈಲುದಾರಿ ಪೂರ್ಣಗೊಂಡು ಪುತ್ತೂರೂ ಸುಬ್ರಹ್ಮಣ್ಯವೂ ಹಳಿಯ ಮೇಲಿನ ಊರುಗಳಾದವು. ಇದಕ್ಕಾಗಿ ದುಃಖಿಸುವುದು ಸಲ್ಲದು. ಮಳೆಗಾಲದ ರಾತ್ರಿ ಹೆರಿಗೆಯ ನೋವಿನಲ್ಲಿದ್ದ ಹೆಂಗಸನ್ನು ಪಾತಿಯಲ್ಲಿ ದಾಟಿಸಬೇಕಾಗಿದ್ದ ಕಾಲವನ್ನು ಹಾಡಿ ಹೊಗಳುವವರು ಆ ಪಾತಿಯಲ್ಲಿ ಕುಳಿತವರಲ್ಲ. ಕಡಬದ ದಾರಿಯ ಹೊಸ್ಮಠದಲ್ಲಿ ಗುಂಡ್ಯ ಹೊಳೆಗೆ ಇದ್ದ ತಗ್ಗಿನ ಸೇತುವೆ, ಪ್ರತಿ ಮಳೆಗಾಲದಲ್ಲಿ ಮುಳುಗಿ ಜನರನ್ನು ದಿನಗಟ್ಟಲೆ ಕಾಯಿಸುತ್ತಿತ್ತು. ಎತ್ತರದ ಹೊಸ ಸೇತುವೆ ಬಂದಾಗ ಆ ಸೀಮೆ ನಿಟ್ಟುಸಿರು ಬಿಟ್ಟದ್ದು ನ್ಯಾಯವೇ. ಆದರೆ ಸೇತುವೆ ಹೊಳೆಯನ್ನು ದಾಟಿಸಿತೇ ಹೊರತು ಹೊಳೆಯ ಅರಿವನ್ನು ದಾಟಿಸಲಿಲ್ಲ. ಹಿಂದೆ ಹೊಳೆಯ ಉದ್ದಕ್ಕೆ ಸಾಗುತ್ತಿದ್ದ ನಾವು ಈಗ ಅದರ ಅಡ್ಡಕ್ಕೆ ಮಾತ್ರ ಸಾಗುತ್ತೇವೆ, ಅದೂ ಅರೆನಿಮಿಷದಲ್ಲಿ.

ಅರಿವು ಹೋದುದರ ಬೆಲೆಯನ್ನು ತೆರುತ್ತಲೇ ಇದ್ದೇವೆ. ೧೯೨೩ರ ಮಹಾಪ್ರವಾಹವನ್ನು ಹಿರಿಯರು 'ಮಾರಿ ಬೊಳ್ಳ' ಎಂದು ತಲೆಮಾರುಗಳ ಕಾಲ ನೆನೆದರು. ೧೯೭೪ರಲ್ಲಿ ನೇತ್ರಾವತಿ ಮತ್ತೊಮ್ಮೆ ಆ ನೆನಪನ್ನು ಎಚ್ಚರಿಸಿತು. ನೀರು ಎಲ್ಲಿಯವರೆಗೆ ಏರಿತ್ತೆಂಬ ಗುರುತು ಹಳಬರ ಬಾಯಲ್ಲಿತ್ತು. ಆ ಗುರುತಿನ ಕೆಳಗೆ ಅವರು ಮನೆ ಕಟ್ಟುತ್ತಿರಲಿಲ್ಲ. ಇಂದು ಕಟ್ಟುತ್ತಾರೆ. ಪರವೂರಿನಿಂದ ಬಂದ ಯುವಕರು, ತಿಳಿನೀರಿನ ಚೆಲುವಿಗೆ ಮನಸೋತು ಇಳಿದು, ದಡದಿಂದ ಎರಡು ಮಾರು ದೂರದಲ್ಲಿ ಬಾಯ್ತೆರೆದಿರುವ ಆಳವನ್ನು ಅರಿಯದೆ ಮುಳುಗಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದದ ಬೇಸಗೆಯಿಲ್ಲ. ತುಳುವಿನಲ್ಲಿ ಅಂತಹ ಆಳದ ಮಡುವಿಗೆ 'ಕಯ' ಎನ್ನುತ್ತಾರೆ. ಪ್ರತಿಯೊಂದು ಕಯಕ್ಕೂ ಹೆಸರಿತ್ತು. ಹೆಸರೇ ಎಚ್ಚರಿಕೆಯ ಫಲಕವಾಗಿತ್ತು. ಹೆಸರನ್ನು ಹೇಳುವವರಿಲ್ಲದ ಕಯ ಬರಿಯ ಸುಂದರವಾದ ನೀರು.

ಈಗ ಉಪ್ಪಿನಂಗಡಿಯಿಂದ ದೋಣಿ ಬಿಟ್ಟರೆ ಮಂಗಳೂರನ್ನು ಅಡೆಯಿಲ್ಲದೆ ಮುಟ್ಟುವುದು ಸಾಧ್ಯವಿಲ್ಲ. ಶಂಭೂರಿನಲ್ಲಿ ವಿದ್ಯುತ್ತಿಗಾಗಿ, ತುಂಬೆಯಲ್ಲಿ ನಗರದ ಕುಡಿಯುವ ನೀರಿಗಾಗಿ ಅಣೆಕಟ್ಟುಗಳಿವೆ. ಮೇಲೆ, ಗುಂಡ್ಯ ಹೊಳೆಯ ತಲೆಯಲ್ಲಿ, ಎತ್ತಿನಹೊಳೆಯ ನೀರನ್ನು ಪೂರ್ವದ ಬಯಲುಸೀಮೆಗೆ ತಿರುಗಿಸುವ ಯೋಜನೆಯ ಮೊದಲ ಹಂತ ೨೦೨೪ರಲ್ಲಿ ಆರಂಭವಾಗಿದೆ. ಒಟ್ಟು ೨೪ ಟಿ.ಎಂ.ಸಿ. ನೀರು ಅದರ ಗುರಿ. ಬಾಯಾರಿದವರಿಗೆ ನೀರು ಬೇಡವೆನ್ನುವ ಕಠಿಣ ಹೃದಯ ನನ್ನದಲ್ಲ. ಅಳೆಯುವವರ ಲೆಕ್ಕದಲ್ಲಿ ನದಿಯೆಂದರೆ ಇಷ್ಟು ಟಿ.ಎಂ.ಸಿ.; ಅಂಬಿಗನ ಲೆಕ್ಕದಲ್ಲಿ ಅದು ಯಾವ ತಿಂಗಳು ಎಷ್ಟು, ಯಾವ ಬಂಡೆಯ ಮೇಲೆ ಎಷ್ಟು, ಮೀನು ಯಾವ ಮಡುವಿಗೆ ಏರುವಷ್ಟು ಎಂಬ ವಿವರ. ಎರಡನೆಯ ಲೆಕ್ಕವನ್ನು ಕೇಳದೆ ಮಾಡಿದ ಮೊದಲನೆಯ ಲೆಕ್ಕ ಎಷ್ಟರಮಟ್ಟಿಗೆ ಪೂರ್ಣವೆಂಬುದೇ ನನ್ನ ಪ್ರಶ್ನೆ.

ಉತ್ತರದ ಕೆನಡಾದಲ್ಲಿ ನಹಾನಿ ಎಂಬ ನದಿಯ ಕಣಿವೆಯನ್ನು ರಾಷ್ಟ್ರೀಯ ಉದ್ಯಾನವಾಗಿ ಕಾಯ್ದಿರಿಸಿದ್ದಾರೆ. ಬೇಸಗೆಯ ಕೆಲವೇ ವಾರಗಳಲ್ಲಿ, ಹಾದಿಬಲ್ಲ ಮಾರ್ಗದರ್ಶಕರೊಡನೆ ಹುಟ್ಟು ಹಾಕುತ್ತ ಆ ನಿರ್ಜನ ನದಿಯಲ್ಲಿ ಇಳಿಯುವುದಕ್ಕಾಗಿ ದೂರದೇಶಗಳಿಂದ ಜನ ಹೋಗುತ್ತಾರೆ. ಆ ಅರಿವಿಗೆ ಅಲ್ಲಿ ಬೆಲೆಯಿದೆ. ನಮ್ಮ ಹೊಳೆಗಳನ್ನು ಪ್ರವಾಸಿಗಳ ಆಟದ ಬಯಲಾಗಿಸಿ ಎಂದು ನಾನು ಹೇಳುತ್ತಿಲ್ಲ. ನಮ್ಮಲ್ಲಿ ಕೆಲಸ ಇನ್ನೂ ಸರಳವಾದುದು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಆರು ಸಂಪುಟಗಳಲ್ಲಿ ಬಂದ 'ತುಳು ನಿಘಂಟು' ನಮ್ಮ ಮಾತುಗಳನ್ನು ಕಾಪಾಡಿಕೊಟ್ಟಿದೆ. ಕಯ, ಕಡಪು, ಕುದ್ರು, ಮೊಗರು ಎಂಬ ಶಬ್ದಗ���ಿಗೆ ಅರ್ಥವೇನೆಂದು ತಿಳಿಯಲು ಕಷ್ಟವಿಲ್ಲ. ಆದರೆ ಯಾವ ಕಯ ಎಲ್ಲಿದೆ, ಯಾವ ಕಡವಿನಲ್ಲಿ ಯಾರು ದೋಣಿ ನಡೆಸಿದರು, ಬೊಳ್ಳದ ನೀರು ಯಾವ ಮರದ ಬುಡಕ್ಕೆ ಬಂದಿತ್ತು ಎಂಬುದು ನಿಘಂಟಿನಲ್ಲಿ ಸಿಗುವುದಲ್ಲ. ಅದನ್ನು ಬಲ್ಲವರು ಸುಬ್ರಹ್ಮಣ್ಯದಿಂದ ಉಪ್ಪಿನಂಗಡಿಯವರೆಗೆ, ಸುಳ್ಯದಿಂದ ಗಡಿಯಾಚೆಯ ಹಳ್ಳಿಗಳವರೆಗೆ ಅಲ್ಲೊಬ್ಬರು ಇಲ್ಲೊಬ್ಬರು ಇನ್ನೂ ಇದ್ದಾರೆ, ಎಂಬತ್ತು ದಾಟಿದವರು. ನಮ್ಮ ಕಾಲೇಜುಗಳ ಕನ್ನಡ ಮತ್ತು ಇತಿಹಾಸ ವಿಭಾಗದ ವಿದ್ಯಾರ್ಥಿಗಳು ಒಂದು ಬೇಸಗೆ ರಜೆಯನ್ನು ಇದಕ್ಕೆ ಮೀಸಲಿಟ್ಟರೆ, ಕಡವಿನಿಂದ ಕಡವಿಗೆ ನಡೆದು ಒಂದೊಂದು ಹೆಸರನ್ನೂ ಬರೆದುಕೊಂಡರೆ, ಬುಕಾನನ್ ಬಂಟ್ವಾಳದಲ್ಲಿ ಬಿಟ್ಟುಹೋದ ಪುಟಗಳಿಂದ ಮುಂದಕ್ಕೆ ನಾವು ಬರೆಯತೊಡಗಿದಂತಾಗುತ್ತದೆ.

(ಬಾನುಲಿ ಭಾಷಣ. ಆಕಾಶವಾಣಿಯ ಕೃಪೆ)